ಪ್ಯಾಕೆಟ್, ಆಟರ್, ಮಾರುತ್: ಮಲೆನಾಡಿನ ಜಗಲಿಯಲ್ಲಿ ವಾಯುಪಡೆಯ ನೆನಪು ದಾಖಲಿಸುವ ಬಗೆ

ಮಿಗ್-21, ನ್ಯಾಟ್ ವಿಮಾನಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಪ್ಯಾಕೆಟ್, ಆಟರ್, ಕ್ಯಾರಿಬು ಎಂಬ ಸಾಗಣೆ ವಿಮಾನಗಳು, ಲಿಬರೇಟರ್ ಬಾಂಬರ್, ಮಾರುತ್ ಯುದ್ಧವಿಮಾನ, ಎಂಐ-4 ಹೆಲಿಕಾಪ್ಟರ್ ಇವುಗಳ ಕಥೆ ಬೇಕೆಂದರೆ ಅವುಗಳ ಜೊತೆ ದುಡಿದವರ ಮನೆಗೇ ಹೋಗಬೇಕು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆ ಹುಡುಕುವಾಗ ಪೈಲಟ್ಟೇ ಬೇಕು ಎಂದು ಹಟ ಹಿಡಿಯಬೇಡಿ. ಇಂಜಿನ್ ಫಿಟರ್, ಏರ್‌ಫ್ರೇಮ್ ಫಿಟರ್, ಎಲೆಕ್ಟ್ರಿಷಿಯನ್, ಸಿಗ್ನಲರ್, ಫ್ಲೈಟ್ ಇಂಜಿನಿಯರ್ ಇವರಲ್ಲಿ ಯಾರು ಸಿಕ್ಕಿದರೂ ಸರಿ. ಒಂದೇ ವಿಮಾನವನ್ನು ವರ್ಷಗಟ್ಟಲೆ ದಿನಾ ಮುಟ್ಟಿದವರು ಅವರು.

ಯಾರ ಮನೆಗೆ ಮೊದಲು ಹೋಗಬೇಕು ಅನ್ನುವುದನ್ನು ವಯಸ್ಸು ತೀರ್ಮಾನಿಸುತ್ತದೆ. ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದವನ್ನು ಎಚ್‌ಎಎಲ್ ರಿಪೇರಿ ಮಾಡಿ ಹಾರಿಸಿದ ಲಿಬರೇಟರ್‌ಗಳು 1968ರ ಕೊನೆಗೆ ಸೇವೆಯಿಂದ ಹೋದವು. ಆಗ 20 ವರ್ಷದ ಹುಡುಗನಾಗಿದ್ದವರಿಗೆ ಈಗ 77 ದಾಟಿದೆ. ಪ್ಯಾಕೆಟ್ 1980ರ ದಶಕದ ಮಧ್ಯದವರೆಗೆ ಇತ್ತು, ಮಾರುತ್ 1990ರವರೆಗೆ. ಹಾಗಾಗಿ ಲಿಬರೇಟರ್ ಅಂದವರಿದ್ದರೆ ಉಳಿದದ್ದನ್ನು ಬದಿಗಿಟ್ಟು ಅವರ ಮನೆಗೆ ಹೋಗಿ.

ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಳಾಸದ ಪಟ್ಟಿ ಕೇಳಬೇಡಿ. ಅದು ಕೊಡುವಂಥದ್ದೂ ಅಲ್ಲ. ನಿಮ್ಮ ಹೆಸರು, ಫೋನ್ ನಂಬರ್, ವಿಮಾನಗಳ ಹೆಸರು ಬರೆದ ಅರ್ಧ ಪುಟದ ಚೀಟಿಯನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಅಲ್ಲೂ, ಪಿಂಚಣಿಯ ಬ್ಯಾಂಕಿನಲ್ಲೂ ಬಿಟ್ಟುಬನ್ನಿ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರಕ್ಕೆಂದು ಪಿಂಚಣಿದಾರರು ಬ್ಯಾಂಕಿಗೆ ಬರುತ್ತಾರೆ, ಆಗ ಚೀಟಿ ಚೆನ್ನಾಗಿ ಓಡುತ್ತದೆ. ಒಬ್ಬರು ಸಿಕ್ಕಿದರೆ "ನಿಮ್ಮ ಜೊತೆ ಭರ್ತಿಯಾದವರು ಈ ಕಡೆ ಇನ್ಯಾರಿದ್ದಾರೆ?" ಎಂದು ಕೇಳಿ, ಮುಂದಿನ ಎರಡು ಹೆಸರು ಅಲ್ಲೇ ಸಿಗುತ್ತವೆ.

ಮಾತು ದಾಖಲಿಸಲು ಫೆಬ್ರುವರಿ ಕೊನೆಯಿಂದ ಏಪ್ರಿಲ್ ಒಳ್ಳೆಯದು. ಅದಕ್ಕೂ ಮುಂಚೆ ಕೊಯ್ಲಿನ ಗಡಿಬಿಡಿ, ಜೊತೆಗೆ ಅಡಿಕೆ ಸುಲಿಯುವ ಯಂತ್ರದ ಸದ್ದು. ಜೂನ್ ನಂತರ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಯಾವ ಮೈಕೂ ಕೆಲಸಕ್ಕೆ ಬಾರದು. ಜಗಲಿ ಚೆಂದವೇ, ಆದರೆ ಸಂಜೆ ಜೀರುಂಡೆ ಶುರುವಾದರೆ ಮುಗಿಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ, ಬಟ್ಟೆ, ಹಾಸಿಗೆ ಇರುವ ಒಳಕೋಣೆಯಲ್ಲಿ ಕೂರಿ. ಫ್ಯಾನ್ ಆರಿಸಿ.

ಉಪಕರಣ ಹೆಚ್ಚೇನೂ ಬೇಡ. ಫೋನ್ ಅಥವಾ ಸಣ್ಣ ರೆಕಾರ್ಡರ್, ಗದ್ದದಿಂದ 15–20 ಸೆಂ.ಮೀ. ಕೆಳಗೆ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಸಾಕು. ವೇವ್ (WAV) ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಇಟ್ಟರೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಎಂಪಿ3ಯಲ್ಲೇ ಹಿಡಿದರೆ ಆಮೇಲೆ ಗದ್ದಲ ತೆಗೆಯುವಾಗ ದನಿ ಒಡೆಯುತ್ತದೆ. ಕರೆಂಟಿನ ಭರವಸೆ ಇಲ್ಲದ ಕಾರಣ ಪವರ್ ಬ್ಯಾಂಕ್ ಇರಲಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ (ಈ ಕೆಲಸಕ್ಕೆ ಅದೇ ಶಾಸ್ತ್ರೋಕ್ತ). ಮೊದಲು ಅರ್ಧ ನಿಮಿಷ ದಾಖಲಿಸಿ, ಇಯರ್‌ಫೋನಿನಲ್ಲಿ ಕೇಳಿ ನೋಡಿದ ಮೇಲೆಯೇ ಮುಂದುವರಿಯಿರಿ.

ಇಂಜಿನ್ ಪಕ್ಕ ಹದಿನೈದು–ಇಪ್ಪತ್ತು ವರ್ಷ ನಿಂತವರಲ್ಲಿ ಅನೇಕರಿಗೆ ಕಿವಿ ಮಂದ. ಹೆಚ್ಚಾಗಿ ಹೋಗಿರುವುದು ತೀಕ್ಷ್ಣ ದನಿ ಹಿಡಿಯುವ ಶಕ್ತಿ. ಕೂಗಿದರೆ ದನಿ ಇನ್ನೂ ಏರಿ ಅವರಿಗೆ ಮತ್ತೂ ಕೇಳದು. ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತು, ಮುಖ ಕಾಣುವಂತೆ, ದನಿ ತಗ್ಗಿಸಿ ನಿಧಾನ ಮಾತಾಡಿ. ಒಂದು ಸಲಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು.

ಇನ್ನು ಪ್ರಶ್ನೆ. ಬಹಳಷ್ಟು ಜನ ಎಡವುವುದು ಇಲ್ಲೇ. "71ರ ಯುದ್ಧದ ಅನುಭವ ಹೇಳಿ" ಎಂದರೆ ಊರ ಸನ್ಮಾನಗಳಲ್ಲಿ ಹತ್ತು ಸಲ ಹೇಳಿದ ಭಾಷಣವೇ ಬರುತ್ತದೆ. ಕೈಯ ಕೆಲಸದ ಬಗ್ಗೆ ಕೇಳಿ. ಪ್ಯಾಕೆಟ್ಟಿನ ಪ್ರತಿ ಇಂಜಿನ್ನಿಗೆ 18 ಸಿಲಿಂಡರ್, ಸಿಲಿಂಡರಿಗೆ ಎರಡರಂತೆ 36 ಸ್ಪಾರ್ಕ್ ಪ್ಲಗ್, ಎರಡು ಇಂಜಿನ್ ಸೇರಿದರೆ 72. "ಪ್ಲಗ್ ಎಲ್ಲಾ ಬಿಚ್ಚಿ ಹಾಕಕ್ಕೆ ಎಷ್ಟು ಹೊತ್ತು ಹಿಡೀತಿತ್ತು ಮಾವ? ಯಾವುದು ಕೈಗೇ ಎಟುಕ್ತಿರಲಿಲ್ಲ?" ಎಂದು ಕೇಳಿ ಸುಮ್ಮನಿರಿ. ಅವರ ಬೆರಳುಗಳು ತಾವಾಗಿಯೇ ತಿರುಗಿಸುವ ಆಟಕ್ಕೆ ಇಳಿಯುತ್ತವೆ, ಮಾತು ಅದರ ಹಿಂದೆ ಬರುತ್ತದೆ. ಲೇಹ್ ವಿಮಾನ ನಿಲ್ದಾಣ ಹತ್ತು ಸಾವಿರ ಅಡಿಗೂ ಮೇಲಿದೆ. ಆ ಚಳಿಯಲ್ಲಿ ಬೆಳಿಗ್ಗೆ ಇಂಜಿನ್ ಶುರು ಮಾಡುವ ಮುಂಚೆ ಏನೇನು ಮಾಡುತ್ತಿದ್ದರು, ಕೈಗವಸು ಹಾಕಿಕೊಂಡೇ ಸ್ಪ್ಯಾನರ್ ಹಿಡಿಯುತ್ತಿದ್ದರೇ, ಬಿದ್ದ ನಟ್ಟು ಹುಡುಕುವುದು ಹೇಗಿತ್ತು ಎಂದು ಕೇಳಿ. 'ಸ್ನ್ಯಾಗ್' (ವಿಮಾನದಲ್ಲಿ ಕಾಣಿಸಿಕೊಳ್ಳುವ ದೋಷ) ಎಂಬ ಪದ ಬಳಸಿ. "ಪದೇ ಪದೇ ಬರುತ್ತಿದ್ದ ಸ್ನ್ಯಾಗ್ ಯಾವುದು?" ಎಂಬ ಒಂದು ಪ್ರಶ್ನೆಗೆ ಅರ್ಧ ಗಂಟೆಯ ಉತ್ತರ ಸಿಗುತ್ತದೆ. ಅವರು ಹಿಂದಿ, ಇಂಗ್ಲಿಷ್, ಮನೆಮಾತು ಬೆರೆಸಿಯೇ ಆಡುತ್ತಾರೆ, ತಿದ್ದಬೇಡಿ.

ನೆನಪು ಬೆರೆಯುವುದು ಸಹಜ. ಎದುರೇ ಪಾಟೀಸವಾಲು ಹಾಕದೆ ಗುರುತು ಹಿಡಿಯುವ ದಾರಿಗಳಿವೆ. "ಆರ್ಫಿಯಸ್ ಮೇಲೆ ಕೆಲಸ ಮಾಡಿದ್ದೆ" ಎಂದರೆ ಅದು ಮಾರುತ್ ಎಂದು ಬರೆದುಬಿಡಬೇಡಿ. ಆರ್ಫಿಯಸ್ ಎಂಬ ಜೆಟ್ ಇಂಜಿನ್ ನ್ಯಾಟಿನಲ್ಲಿ ಒಂದಿತ್ತು, ಮಾರುತ್‌ನಲ್ಲಿ ಎರಡು. ತರಬೇತಿ ವಿಮಾನ ಕಿರಣ್ ಮಾರ್ಕ್-2ರಲ್ಲೂ ಅದೇ. ಎತ್ತರದ ನೆಲೆಗಳಲ್ಲಿ ಬಲ ಸಾಲದೆ ಪ್ಯಾಕೆಟ್ಟಿನ ಬೆನ್ನ ಮೇಲೂ ಒಂದನ್ನು ಕೂರಿಸಿದ್ದರು. 'ಜೆಟ್ ಪ್ಯಾಕೆಟ್' ಎನ್ನುವುದು ಅದನ್ನೇ. "ಇಂಜಿನ್ ಇಳಿಸುವಾಗ ನೀವು ಎಲ್ಲಿ ನಿಲ್ತಿದ್ರಿ?" ಎಂದರೆ ಯಾವ ವಿಮಾನ ಅನ್ನುವುದು ತಾನಾಗಿ ಹೊರಬರುತ್ತದೆ. ಆಟರ್, ಕ್ಯಾರಿಬು ಎರಡೂ ಕೆನಡಾದ ಒಂದೇ ಕಂಪನಿಯವು, ಆದರೆ ಆಟರ್‌ಗೆ ಒಂದು ಇಂಜಿನ್, ಕ್ಯಾರಿಬುವಿಗೆ ಎರಡು. ಎಂಐ-4ರ ಇಂಜಿನ್ ಮೂತಿಯೊಳಗೆ, ಎಂಐ-8ರದ್ದು ತಲೆಯ ಮೇಲೆ. ವಿಮಾನದ ನಂಬರ್ ನೆನಪಿದ್ದರೆ ಇನ್ನೂ ಒಳ್ಳೆಯದು: ಅನೇಕ ಮಾರುತ್‌ಗಳಿಗೆ BD, ಹಂಟರ್‌ಗಳಿಗೆ BA, ಕ್ಯಾನ್‌ಬೆರಾಗಳಿಗೆ IF ಎಂಬ ಅಕ್ಷರಗಳಿರುತ್ತಿದ್ದವು.

ಇಸವಿ ಸಿಗದಿದ್ದರೆ ಊರಿನ ಗುರುತಿಗೆ ಕಟ್ಟಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. "ಮುಳುಗಡೆಗೆ ಮುಂಚೆಯೋ ಆಮೇಲೆಯೋ?" "ಮೈಸೂರು ರಾಜ್ಯ ಕರ್ನಾಟಕ ಆದಾಗ ಎಲ್ಲಿದ್ರಿ?" ಎಂದರೆ 1973ರ ಆಚೆ ಈಚೆ ತಿಳಿಯುತ್ತದೆ. ಹೆಂಡತಿ ಪಕ್ಕದಲ್ಲಿದ್ದರೆ ಬಿಡಬೇಡಿ. ಯಾವ ಮಗು ಯಾವ ಸ್ಟೇಷನ್ನಿನಲ್ಲಿ ಹುಟ್ಟಿತು ಅನ್ನುವುದರಲ್ಲಿ ಅವರು ತಪ್ಪುವುದಿಲ್ಲ. ಮಾತಿನಲ್ಲಿ ಬಂದದ್ದು, ಕಾಗದ ಹೇಳುವುದು ಬೇರೆಯಾದರೆ ಎರಡನ್ನೂ ಬರೆದಿಡಿ, ಒಂದನ್ನು ಅಳಿಸಬೇಡಿ.

ಮೊದಲ ಭೇಟಿಯಲ್ಲಿ ರೆಕಾರ್ಡರ್ ತೆಗೆಯಲೇಬೇಡಿ. ಕಾಫಿ ಕುಡಿದು, ಒಂದು ಪುಟದ ಕನ್ನಡ ಒಪ್ಪಿಗೆ ಪತ್ರ ಕೊಟ್ಟು ಬನ್ನಿ. ಹೆಸರು ಹಾಕಬಹುದೇ, ಯಾರು ಕೇಳಬಹುದು, ಯಾವ ಭಾಗ ಎಷ್ಟು ವರ್ಷ ಮುಚ್ಚಿಡಬೇಕು, ಆಮೇಲೆ ಬೇಡವೆನಿಸಿದರೆ ಹಿಂದೆಗೆಯುವುದು ಹೇಗೆ, ಇಷ್ಟು ಅದರಲ್ಲಿರಲಿ. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ನಿಮಗೂ ಅನ್ವಯಿಸುತ್ತದೆ. ಇಂದೂ ಬಳಕೆಯಲ್ಲಿರುವ ಉಪಕರಣ, ನೆಲೆಯ ಒಳವಿನ್ಯಾಸ, ರೇಡಿಯೊ ವಿವರ ಕೇಳಬೇಡಿ. ಅಪಘಾತದ ಮಾತು ಬಂದರೆ ಸತ್ತವರ ಹೆಸರು ಹೊರಗೆ ಹೋಗುವ ಮುಂಚೆ ಮನೆಯವರ ನೋವು ನೆನಪಿರಲಿ.

ಅಟ್ಟದ ಟ್ರಂಕು ತೆರೆಸಿದರೆ ಲಾಗ್‌ಬುಕ್, ಡಿಸ್ಚಾರ್ಜ್ ಪುಸ್ತಕ, ಗುಂಪು ಫೋಟೊ ಸಿಗುತ್ತವೆ, ಮಲೆನಾಡಿನ ಶೀತಕ್ಕೆ ಬೂಷ್ಟು ಹಿಡಿದೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರದ ಪದರವೇ ಎದ್ದು ಬರುತ್ತದೆ. ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆ ಬ್ರಷ್ಷಿನಿಂದ ಉದುರಿಸಿ. ಆಲ್ಬಮ್ಮಿಗೆ ಅಂಟಿದ್ದನ್ನು ಕೀಳದೆ ಹಾಳೆಯ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮಾಡಿ, ಹೆಸರುಗಳಿರುವುದು ಅಲ್ಲೇ. ನೀವು ಬರೆಯುವುದಿದ್ದರೆ 2ಬಿ ಪೆನ್ಸಿಲ್ ಮಾತ್ರ.

ಅದೇ ದಿನ ರಾತ್ರಿ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ. ಒಂದು ಗಂಟೆಯ ಮಾತು ಅಕ್ಷರಕ್ಕಿಳಿಯಲು ಐದಾರು ಗಂಟೆ ಬೇಕು. ಮನೆಯವರಿಗೆ ಕೊಡುವ ಪೆನ್‌ಡ್ರೈವನ್ನು ಮೊದಲು ಫ್ಯಾಟ್32ಗೆ (ಟಿವಿಗಳು ಸಾಮಾನ್ಯವಾಗಿ ಓದುವ ಮಾದರಿ) ಫಾರ್ಮ್ಯಾಟ್ ಮಾಡಿ, ಅದಕ್ಕೆ ಮಾತ್ರ ಎಂಪಿ3 ಹಾಕಿ. 24 ಬಿಟ್ ಫೈಲನ್ನು ಎಷ್ಟೋ ಟಿವಿಗಳು ನುಡಿಸುವುದಿಲ್ಲ, ಅಜ್ಜ ಕೇಳುವುದು ಟಿವಿಯಲ್ಲೇ.