ಬಾಟಲಿ ಬಿಡಿಸುವ ಹನ್ನೆರಡು ರಾತ್ರಿ

ಹಾಸನದ ಮಕ್ಕಳ ಕ್ಲಿನಿಕ್ಕೊಂದರಲ್ಲಿ 19 ವರ್ಷ ನರ್ಸಾಗಿದ್ದೆ. ತೂಕ ನೋಡಲು ಕೂಸನ್ನು ಎತ್ತಿಕೊಂಡಾಗ ತುಟಿ ಸರಿಸಿ ಹಲ್ಲು ನೋಡುವುದು ನನಗೆ ಅಂಟಿದ ಚಟ. ಮೇಲಿನ ನಾಲ್ಕು ಹಲ್ಲು ಕಂದುಬಣ್ಣಕ್ಕೆ ತಿರುಗಿ ಸವೆದಿದ್ದು, ಕೆಳಗಿನವು ಮಾತ್ರ ಬೆಳ್ಳಗಿದ್ದರೆ ಕೇಳುವುದೇ ಬೇಡ, ಈ ಕೂಸು ಬಾಟಲಿ ಕಚ್ಚಿಕೊಂಡೇ ಮಲಗುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದು ಕಡಿಮೆ, ನುಂಗುವುದೂ ಕಡಿಮೆ. ಹಾಲು ಮೇಲಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನವಕ್ಕೆ ನಾಲಿಗೆ ಅಡ್ಡ ಇರುವುದರಿಂದ ಅವು ಬಚಾವು. "ಹಾಲುಹಲ್ಲು ತಾನೇ ಸಿಸ್ಟರ್, ಬಿದ್ದು ಬೇರೆ ಬರುತ್ತಲ್ಲ" ಎನ್ನುತ್ತಿದ್ದರು ಅಮ್ಮಂದಿರು. ಬೀಳುವುದು ಆರೇಳು ವರ್ಷಕ್ಕೆ. ಅಲ್ಲಿವರೆಗೆ ಆ ನೋವು ಉಣ್ಣುವವರು ಯಾರು?

ಕೂಸಿಗೆ ಒಂದು ವರ್ಷ ತುಂಬಿದ ಮೇಲೆ ಬಾಟಲಿ ಬಿಡಿಸಲು ಶುರು ಮಾಡಿ, ಒಂದೂವರೆಯೊಳಗೆ ಮುಗಿಸಿ. ಎರಡು ದಾಟಿದರೆ ಹಟದ ಜೊತೆಗೆ ಮಾತೂ ಬಂದಿರುತ್ತದೆ, ಗೆಲ್ಲುವುದು ಕಷ್ಟ. ತೂಕ ಕಡಿಮೆ ಇರುವ, ಅವಧಿಗೆ ಮುಂಚೆ ಹುಟ್ಟಿದ, ಯಾವುದಾದರೂ ಕಾಯಿಲೆಗೆ ಔಷಧಿ ನಡೆಯುತ್ತಿರುವ ಕೂಸಾದರೆ ಮೊದಲು ಡಾಕ್ಟರನ್ನು ಕೇಳಿ.

1. ದಿನ ನೋಡಿಕೊಳ್ಳಿ

ಪಂಚಾಂಗ ಬೇಡ, ಮನೆಯ ಪರಿಸ್ಥಿತಿ ನೋಡಿದರೆ ಸಾಕು. ಆಷಾಢದ ಮಳೆಯಲ್ಲಿ ಬೇಡ. ಮೂಗು ಕಟ್ಟಿದ ಕೂಸಿಗೆ ನಿದ್ದೆಯೇ ಇರುವುದಿಲ್ಲ, ಅದರ ಮೇಲೆ ಇದೊಂದು ಬೇರೆ. ಸಕಲೇಶಪುರದ ಕಡೆಯವರು ಕಾಫಿ ಕೊಯ್ಲು ಮುಗಿಯಲಿ ಬಿಡಿ. ಹಾಸನಾಂಬೆ ಬಾಗಿಲು ತೆರೆದ ವಾರವಂತೂ ಬೇಡವೇ ಬೇಡ. ಮನೆ ತುಂಬ ನೆಂಟರು, ನೆಂಟರಿಗೊಂದು ಸಲಹೆ. ಎರಡನೇ ಕೂಸು ಬರುವುದಿದ್ದರೆ ಎರಡು ತಿಂಗಳು ಮೊದಲೇ ಮುಗಿಸಿಕೊಳ್ಳಿ.

2. ಲೋಟ ಕಲಿಸಿ

ಆರು ತಿಂಗಳಿಗೇ ಕೈಗೆ ಕೊಡಬಹುದಿತ್ತು. ಕೊಟ್ಟಿಲ್ಲದಿದ್ದರೆ ಈಗ ಕೊಡಿ. ಕಾಫಿ ಲೋಟಕ್ಕಿಂತ ಸಣ್ಣದು, ಅಂಚು ಮಡಿಸಿದ ಸ್ಟೀಲ್ ಲೋಟ, ಅದರಲ್ಲಿ ಎರಡು ಚಮಚ ನೀರು. ಚೆಲ್ಲುತ್ತದೆ. ಚೆಲ್ಲಲಿ. ಬೆಳ್ಳಿ ಒಳಲೆ ಇದೆ ಎಂದು ಕೆಲವರು ತೆಗೆಯುತ್ತಾರೆ. ಅದು ಎಳೆಗೂಸಿನ ಬಾಯಿಗೆ ನಾವು ಹಾಲು ಬಿಡಲು ಇರುವುದು, ಕೂಸು ತಾನೇ ಹಿಡಿದು ಕುಡಿಯಲು ಲೋಟವೇ ಸರಿ.

ಇಲ್ಲೊಂದು ಮಾತು. ಉರುಳಿಸಿದರೂ ಚೆಲ್ಲದ ಸಿಪ್ಪರ್ ಅಂತ ಬಣ್ಣಬಣ್ಣದ್ದು ಸಿಗುತ್ತದಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಚೆಲ್ಲಬಾರದೆಂದು ಒಳಗೆ ವಾಲ್ವ್ ಇಟ್ಟಿರುತ್ತಾರೆ, ಚೀಪದೆ ಹಾಲು ಬರುವುದಿಲ್ಲ. ಕೂಸಿನ ಬಾಯಿಗೆ ಅದೂ ಬಾಟಲಿಯೇ. ಎಷ್ಟೋ ಮನೆಯಲ್ಲಿ ಬಾಟಲಿ ಬಿಡಿಸಿದೆವೆಂದು ಖುಷಿಪಟ್ಟು, ಆಮೇಲೆ ಒಂದು ವರ್ಷ ಸಿಪ್ಪರ್ ಬಿಡಿಸಲು ಒದ್ದಾಡಿದ್ದಾರೆ. ಪ್ರಯಾಣಕ್ಕೆ ಬೇಕೇ ಬೇಕೆಂದರೆ ಸ್ಟ್ರಾ ಇರುವುದು ತನ್ನಿ.

3. ಹಗಲಿನ ಬಾಟಲಿ ತೆಗೆಯಿರಿ

ಇದು ಸುಲಭ. ಮಧ್ಯಾಹ್ನದ್ದು ಮೊದಲು, ನಾಲ್ಕೈದು ದಿನ ಬಿಟ್ಟು ಬೆಳಗಿನದು. ಆ ಹೊತ್ತಿಗೆ ಲೋಟ, ತಿಂಡಿ, ಆಟ.

ಹಾಲು ಕಡಿಮೆಯಾಯಿತೆಂದು ಹೆದರಿ ಮತ್ತೆ ಬಾಟಲಿ ತರುವವರೇ ಹೆಚ್ಚು, ಅದಕ್ಕೇ ಈ ಲೆಕ್ಕ ಕೇಳಿ. ವರ್ಷ ದಾಟಿದ ಕೂಸಿಗೆ ದಿನಕ್ಕೆ 400ರಿಂದ 500 ಎಂಎಲ್ ಹಾಲು ಸಾಕು, ಅಂದರೆ ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ ಒಂದು. ನಾಲ್ಕು ಬಾಟಲಿ ಕುಡಿಯುವ ಕೂಸು ಎರಡು ಪ್ಯಾಕೆಟ್ ಖಾಲಿ ಮಾಡುತ್ತದೆ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಬೇರೆ ಊಟದ ಕಬ್ಬಿಣಾಂಶ ಮೈಗೆ ಹತ್ತುವುದನ್ನೂ ಅದು ತಡೆಯುತ್ತದೆ. ಹೊಟ್ಟೆ ತುಂಬಿರುವುದರಿಂದ ಊಟವೂ ಇಳಿಯುವುದಿಲ್ಲ. ದುಂಡುದುಂಡಗೆ ಇದ್ದು ಬಿಳಿಚಿಕೊಂಡ ಕೂಸುಗಳನ್ನು ಎಷ್ಟು ನೋಡಿಲ್ಲ! "ಅನ್ನ ಮುಟ್ಟಲ್ಲ, ಹಾಲೊಂದೇ ಗತಿ" ಎನ್ನುತ್ತಾರೆ ಅಮ್ಮಂದಿರು. ಹಾಲು ಕುಡಿದೇ ಅನ್ನ ಮುಟ್ಟದಿರುವುದು. ಸುಣ್ಣದಂಶದ ಚಿಂತೆಯಿದ್ದರೆ ನಮ್ಮ ರಾಗಿ ಇದೆಯಲ್ಲ. 100 ಗ್ರಾಂ ರಾಗಿಯಲ್ಲಿ ಅಷ್ಟೇ ಹಾಲಿನ ಎರಡು ಪಟ್ಟಿಗೂ ಮಿಕ್ಕಿ ಇರುತ್ತದೆ. ಮೊಸರೂ ಲೆಕ್ಕಕ್ಕೆ ಬರುತ್ತದೆ. ಲೋಟದ ಹಾಲಿಗೆ ಸಕ್ಕರೆ, ಬಿಸ್ಕತ್ತಿನ ಪುಡಿ, ಡಬ್ಬಿಯ ಚಾಕೊಲೇಟ್ ಪುಡಿ ಹಾಕಿ ಆಸೆ ತೋರಿಸಬೇಡಿ. ಆಮೇಲೆ ಆ ಪುಡಿ ಬಿಡಿಸುವುದು ಹೇಗೆಂದು ಇನ್ನೊಂದು ಲೇಖನ ಬರೆಯಬೇಕಾದೀತು.

4. ಮನೆಯವರನ್ನು ಒಂದು ಮಾಡಿ

ಹಿರಿಯರಿಗೆ ಮೊದಲೇ ಹೇಳಿ, ಅವರ ಎದುರು ನಿಂತು ಹೇಳಿ. ಕೂಸು ಎರಡನೇ ರಾತ್ರಿ ಅತ್ತಾಗ "ಕೊಡು ಕಣವ್ವ, ಪಾಪ, ಒಂದ್ ಬಾಟ್ಲಿಗೆ ಏನಾಗುತ್ತೆ" ಎಂದು ಅತ್ತೆ ಅಂದರೆ ಸೊಸೆ ಏನು ಮಾಡಬೇಕು? ನನ್ನ ಮೊಮ್ಮಗಳ ವಿಷಯದಲ್ಲಿ ಕೆಡಿಸಿದ್ದು ನಮ್ಮ ಯಜಮಾನರು. ಐದು ರಾತ್ರಿ ಚೆನ್ನಾಗಿ ನಡೆಯಿತು, ಆರನೆಯದು ಕೂಸು ಅಳಲೇ ಇಲ್ಲ, ನಾನು ಬೀಗಿದೆ. ಬೆಳಿಗ್ಗೆ ತಾತನ ದಿಂಬಿನ ಕೆಳಗೆ ಬಾಟಲಿ ಸಿಕ್ಕಿತು. ಮತ್ತೆ ಒಂದರಿಂದ ಶುರು.

5. ರಾತ್ರಿಯದು

ಎಲ್ಲರೂ ಎಡವುವುದು ಇಲ್ಲೇ. ರಾತ್ರಿ ಬಾಟಲಿ ಕೇಳುವ ಕೂಸಿಗೆ ಬೇಕಿರುವುದು ನಿದ್ದೆ. ಚೀಪುತ್ತಾ ನಿದ್ದೆಗೆ ಜಾರುವುದು ಅದಕ್ಕೆ ರೂಢಿಯಾಗಿದೆ, ನಡುರಾತ್ರಿ ಎಚ್ಚರವಾದರೂ ಅದೇ ದಾರಿ ಹುಡುಕುತ್ತದೆ. ಆದ್ದರಿಂದ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಹಾಲನ್ನು ಹಾಸಿಗೆಯಿಂದ ದೂರ ಮಾಡಬೇಕು, ಬಾಟಲಿಯ ರುಚಿ ಕೆಡಿಸಬೇಕು.

ಏಳು ಗಂಟೆಗೆ ಊಟ. ಏಳೂವರೆಗೆ ಅಡುಗೆಮನೆಯಲ್ಲೇ ಕೂರಿಸಿ ಲೋಟದಲ್ಲಿ ಹಾಲು. ಅದಾದ ಮೇಲೆ ಹಲ್ಲುಜ್ಜಿ. ಬ್ರಷ್ ಮೇಲೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಆಮೇಲೆ ನೀರು ಮತ್ತು ಕೆಳಗೆ ಹೇಳುವ ಅಳತೆಯ ಬಾಟಲಿ ಬಿಟ್ಟು ಬೇರೇನೂ ಇಲ್ಲ. ದೀಪ ಸಣ್ಣದು ಮಾಡಿ, ಒಂದೇ ಹಾಡು, ಒಂದೇ ಹೊದಿಕೆ. ನಮ್ಮ ಕಡೆ ಚಳಿಗೆ ಹಳೇ ಸೀರೆಯ ಕೌದಿಗಿಂತ ಒಳ್ಳೆಯದಿಲ್ಲ, ಅದರ ಅಂಚು ಹಿಡಿದುಕೊಂಡೇ ಮಲಗಲು ಕಲಿತ ಕೂಸುಗಳಿವೆ.

ಹಾಸಿಗೆಯಲ್ಲಿ ಬಾಟಲಿ ಕೇಳಿದರೆ ಕೊಡಿ, ಆದರೆ ಮಡಿಲಲ್ಲಿ ಕೂರಿಸಿಕೊಂಡು ಕೊಡಿ. ಅಂಗಾತ ಮಲಗಿ ಕುಡಿದರೆ ಹಾಲು ಗಂಟಲಿನಿಂದ ಕಿವಿಗಿರುವ ಕೊಳವೆಗೆ ಹೋಗಬಹುದು. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತದೆ. ಪದೇಪದೇ ಕಿವಿ ಸೋರುವುದಕ್ಕೆ ಇದೂ ಒಂದು ಕಾರಣ.

240 ಎಂಎಲ್ ಬಾಟಲಿ ಅಂದುಕೊಳ್ಳಿ. ಮೊದಲ ಮೂರು ರಾತ್ರಿ 180 ಹಾಲು, 60 ನೀರು. ನಾಲ್ಕರಿಂದ ಆರು, ಅರ್ಧಕ್ಕರ್ಧ. ಏಳರಿಂದ ಒಂಬತ್ತು, 60 ಹಾಲಿಗೆ 180 ನೀರು. ಹತ್ತು, ಹನ್ನೊಂದು, ಹನ್ನೆರಡು ಬರೀ ನೀರು, ಅದೂ 100 ದಾಟದಂತೆ, ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆ ಒಣಗಿಸುವುದೇ ಕೆಲಸ. ನಡುರಾತ್ರಿ ಎದ್ದಾಗಲೂ ಆ ದಿನದ ಅಳತೆಯೇ. ಏಳನೇ ರಾತ್ರಿಯ ಹೊತ್ತಿಗೆ ಕೂಸು ಎರಡು ಸಲ ಚೀಪಿ, ಬಾಟಲಿ ತೆಗೆದು, ಅದರ ಮುಖ ನೋಡಿ, ನಿಮ್ಮ ಮುಖ ನೋಡುತ್ತದೆ. ಆಗ ನಗಬೇಡಿ. ದಿನಾ ಇಷ್ಟಿಷ್ಟು ಅಳತೆಯನ್ನೇ ಕಡಿಮೆ ಮಾಡುವವರೂ ಇದ್ದಾರೆ. ನನಗದು ಹಿಡಿಸುವುದಿಲ್ಲ. ರುಚಿ ಹಾಗೇ ಇರುವುದರಿಂದ ಖಾಲಿಯಾದ ಕೂಡಲೇ ಇನ್ನಷ್ಟು ಕೇಳುತ್ತದೆ.

ಒಂದು ಎಚ್ಚರಿಕೆ ನೆನಪಿಡಿ. ಈ ನೀರಿನ ಲೆಕ್ಕ ವರ್ಷ ತುಂಬಿ ಊಟ ಮಾಡುವ ಕೂಸಿಗೆ ಮಾತ್ರ. ಎಳೆಗೂಸಿನ ಪುಡಿಹಾಲಿಗೆ ಹೆಚ್ಚು ನೀರು ಬೆರೆಸುವುದು ಅಪಾಯ.

ಅಳುತ್ತದೆ, ಬಿಡುವುದಿಲ್ಲ. ಹೆಚ್ಚು ಅಳುವುದು ಬರೀ ನೀರಿನ ಆ ಮೂರು ರಾತ್ರಿ. ಪಕ್ಕದಲ್ಲೇ ಮಲಗಿ, ಬೆನ್ನು ತಟ್ಟಿ, ನೀರು ಕೇಳಿದರೆ ಲೋಟದಲ್ಲಿ ಕೊಡಿ. ಮಾತು ಬೆಳೆಸಬೇಡಿ. ಅಮ್ಮನ ಬದಲು ಅಪ್ಪ ಮಲಗಿಸಿದರೆ ಬೇಗ ಸುಮ್ಮನಾಗುವ ಕೂಸುಗಳನ್ನು ನಾನೇ ನೋಡಿದ್ದೇನೆ, ಆದ್ದರಿಂದ ಅಪ್ಪಂದಿರು ಆ ವಾರ ಟಿವಿ ಮುಂದಿನಿಂದ ಏಳಬೇಕು.

ನಿಪ್ಪಲ್ಲಿಗೆ ಬೇವಿನ ರಸ, ಮೆಣಸಿನಪುಡಿ ಸವರುವವರಿಗೆ ಏನು ಹೇಳಲಿ? ಖಾರದ ಕೈ ಕಣ್ಣಿಗೆ ಒತ್ತಿಕೊಂಡ ಕೂಸನ್ನು ಕ್ಲಿನಿಕ್ಕಿನಲ್ಲಿ ನೀರು ಹಾಕಿ ತೊಳೆದಿದ್ದೇನೆ. "ಗುಮ್ಮ ತಗೊಂಡು ಹೋದ" ಎನ್ನುವುದೂ ಬೇಡ. ಕತ್ತಲಾದ ಮೇಲೆ ಅದೇ ಗುಮ್ಮನನ್ನು ನೆನೆದು ಮಲಗುವುದೇ ಇಲ್ಲ. ಒಂದೇ ದಿನ ಎಲ್ಲ ಬಾಟಲಿ ಮಾಯ ಮಾಡುವ ಅಡ್ಡದಾರಿ ಕೆಲವು ಕೂಸಿಗೆ ನಡೆಯುತ್ತದೆ. ಲೋಟದ ಅಭ್ಯಾಸವೇ ಇಲ್ಲದಿದ್ದರೆ ಹಾಲನ್ನೇ ಬಿಟ್ಟುಬಿಡಬಹುದು.

ಜ್ವರ ಬಂದರೆ ಅಲ್ಲಿಗೇ ನಿಲ್ಲಿಸಿ. ಯಾವ ರಾತ್ರಿಯಲ್ಲಿದ್ದಿರೋ ಅದೇ ಅಳತೆ ಇರಲಿ, ಹುಷಾರಾದ ಮೇಲೆ ಮುಂದಕ್ಕೆ.

6. ಬಾಟಲಿ ಹೊರಗೆ ಹಾಕಿ

ಹಾಲಿನ ಬಾಟಲಿಗೆ ಜಾಹೀರಾತು ಕೊಡುವುದನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಆದರೆ ಜಾಹೀರಾತು ಯಾಕೆ ಬೇಕು, ನಾಮಕರಣಕ್ಕೆ ಬಂದವರು ಗಿಫ್ಟ್ ಸೆಟ್ಟಿನಲ್ಲಿ ತಂದು ಸುರಿದಿರುತ್ತಾರೆ. ಹದಿಮೂರನೇ ಬೆಳಿಗ್ಗೆ ಅಷ್ಟನ್ನೂ ಒಟ್ಟು ಮಾಡಿ. ಮುಂದಿನ ಕೂಸಿಗಾಯಿತೆಂದು ಅಟ್ಟದ ಮೇಲೆ ಇಡಬೇಡಿ, ತಾತಂದಿರಿಗೆ ಏಣಿ ಹತ್ತಲು ಬರುತ್ತದೆ. ಎಣಿಸಿದಾಗ ಒಂದು ಕಡಿಮೆ ಬಂದರೆ ಕಾರಿನ ಸೀಟಿನ ಕೆಳಗೆ ನೋಡಿ.