ಹೊಟ್ಟೆಗೆ ಅಮೈಲಾಯ್ಡ್ ಬಂದಿದ್ಯಾ ಅಂತ ಚೆಕ್ ಮಾಡಿಸೋದು ಹೇಗೆ

ಅಮೈಲಾಯ್ಡ್ ಅಂದ್ರೆ ಅಂಗಾಂಗಗಳಲ್ಲಿ ಕೂತ್ಕೊಳ್ಳೋ ಒಂದು ಕೆಟ್ಟ ಪ್ರೋಟೀನು. ಡೊಂಬಿವಲಿಯಿಂದ ಮುಂಬೈನ ಪರೇಲ್ ಆಸ್ಪತ್ರೆಗೆ ಲೋಕಲ್ ಟ್ರೇನಲ್ಲಿ ಮಾವನ್ನ ಕರ್ಕೊಂಡು ಓಡಾಡಿದ್ಮೇಲೆ ಗೊತ್ತಾಗಿದ್ದು ಹೇಳ್ತೀನಿ. ಎರಡು ತುತ್ತಿಗೇ ಹೊಟ್ಟೆ ತುಂಬೋದು, ತೂಕ ಇಳಿಯೋದು, ಭೇದಿ ಇಲ್ಲಾಂದ್ರೆ ಮಲಬದ್ಧತೆ, ಇದನ್ನೆಲ್ಲ ಗ್ಯಾಸ್ ಅಂತ ಸೋಡಾ ಕುಡ್ಕೊಂಡು ತಳ್ಬೇಡಿ (ನಾವು ತಿಂಗಳುಗಟ್ಲೆ ತಳ್ಳಿದ್ವಿ), ಜೊತೆಗೆ ನಾಲಿಗೆ ದಪ್ಪ ಆಗಿದ್ರೆ, ಕಣ್ಣಿನ ಸುತ್ತ ನೇರಳೆ ಕಲೆ, ಕಾಲು ಊತ ಇದ್ರಂತೂ ಬೇಗ ತೋರಿಸಿ.

ಈ ಕಾಯಿಲೆಯ AL ಅನ್ನೋ ಟೈಪಲ್ಲಿ ಏನಾಗತ್ತೆ ಅಂದ್ರೆ ಮೂಳೆ ಮಜ್ಜೆಯ ಪ್ಲಾಸ್ಮಾ ಸೆಲ್‌ಗಳು ಲೈಟ್ ಚೈನ್ ಅನ್ನೋ ಪ್ರೋಟೀನನ್ನ ಮಿತಿಮೀರಿ ತಯಾರ್ ಮಾಡಿ, ಅದು ಕರುಳಿನ ಗೋಡೆ, ರಕ್ತನಾಳ, ನರದಲ್ಲೆಲ್ಲ ಅಮೈಲಾಯ್ಡ್ ಆಗಿ ಕೂತ್ಬಿಡತ್ತೆ.

ಎಂಡೋಸ್ಕೋಪಿಲಿ ಎಲ್ಲ ನಾರ್ಮಲ್ ಕಂಡ್ರೂ ಬಯಾಪ್ಸಿಗೆ ಚೂರು ತೆಗೀರಿ, ಕಾಂಗೋ ರೆಡ್ ಅನ್ನೋ ಬಣ್ಣ ಹಾಕಿ ನೋಡಿ ಅಂತ ಬಾಯ್ಬಿಟ್ಟು ಕೇಳಿ, ಅಮೈಲಾಯ್ಡ್ ಇದ್ರೆ ಪೋಲರೈಸ್ಡ್ ಬೆಳಕಲ್ಲಿ ಹಸಿರು ಸೇಬಿನ ಬಣ್ಣ ಕಾಣತ್ತೆ. ಅದಕ್ಕೂ ಮುಂಚೆ ರಕ್ತ ಹೆಪ್ಪುಗಟ್ಟೋ ಟೆಸ್ಟ್ ಆಗ್ಲಿ, ಈ ಕಾಯಿಲೆಲಿ ರಕ್ತ ಹೆಪ್ಪುಗಟ್ಟಿಸೋ ಫ್ಯಾಕ್ಟರ್ 10 ಅನ್ನೋ ಪ್ರೋಟೀನ್ ಕಮ್ಮಿ ಆಗಿ ರಕ್ತಸ್ರಾವ ಆಗ್ಬಹುದು. ಆ ಲೈಟ್ ಚೈನ್ ಹುಡುಕೋ ಟೆಸ್ಟ್‌ಗಳು ಅಂದ್ರೆ ಸೀರಂ ಫ್ರೀ ಲೈಟ್ ಚೈನ್ (ರಕ್ತದ ಟೆಸ್ಟ್), ರಕ್ತ ಮತ್ತೆ ಮೂತ್ರದ ಇಮ್ಯುನೋಫಿಕ್ಸೇಶನ್, ಮೂರೂ ಒಟ್ಟಿಗೆ ಮಾಡ್ಸಿ, ಬರೀ ಎಲೆಕ್ಟ್ರೋಫೋರೆಸಿಸ್ (ಪ್ರೋಟೀನ್ ಬೇರ್ಪಡಿಸಿ ನೋಡೋ ಟೆಸ್ಟ್) ಸಾಲಲ್ಲ. ಬಯಾಪ್ಸಿ ಪಾಸಿಟಿವ್ ಬಂದ್ರೆ ಯಾವ ಟೈಪ್ ಅಂತ ಪಕ್ಕಾ ಆಗ್ಲೇಬೇಕು, ಟೈಪ್ ತಪ್ಪಿದ್ರೆ ಕೀಮೋನೇ ವೇಸ್ಟು. ಹಾರ್ಟ್, ಕಿಡ್ನಿ ಟೆಸ್ಟೂ ಬಿಡ್ಬೇಡಿ. ಊಟ ಸ್ವಲ್ಪಸ್ವಲ್ಪನೇ, ದಿನಕ್ಕೆ ಐದಾರು ಸಲ, ತೂಕ ವಾರವಾರ ಬರ್ದಿಟ್ಕೊಂಡು ಹೆಮಟಾಲಜಿಸ್ಟ್‌ಗೆ (ರಕ್ತದ ಕಾಯಿಲೆ ಡಾಕ್ಟ್ರು) ತೋರ್ಸಿ.