ಸ್ಟ್ರೈಕರ್‌ನ ಬೆಲೆ ಕಟ್ಟುವುದು ಹೇಗೆ: ವಾದಕ್ಕೆ ಕೂರುವ ಮೊದಲು ನೋಡಬೇಕಾದದ್ದು

ಫುಟ್‌ಬಾಲ್ ತಂಡದ ಸ್ಟ್ರೈಕರ್‌ನಿಂದ, ಅಂದರೆ ಗೋಲು ಹೊಡೆಯಲೆಂದೇ ಎಲ್ಲರಿಗಿಂತ ಮುಂದೆ ಆಡುವವನಿಂದ, ಮೂರು ಪಂದ್ಯಗಳಲ್ಲಿ ಗೋಲು ಬರದಿದ್ದರೆ ಸಾಕು, ಶಿವಮೊಗ್ಗದ ಹಾಸ್ಟೆಲ್ ಕೋಣೆಗಳಲ್ಲಿಯೂ ಗಾಂಧಿ ಬಜಾರಿನ ಟೀ ಅಂಗಡಿಗಳ ಮುಂದೆಯೂ "ಅವನನ್ನ ಮಾರಿ ಕೈ ತೊಳ್ಕೊಳ್ಳಲಿ ಮಾರಾಯ" ಎಂಬ ತೀರ್ಪು ಹೊರಬೀಳುತ್ತದೆ. ಎದುರಿಗೆ ಕೂತವನು ಅದೇ ಸ್ಟ್ರೈಕರ್ ಕಳೆದ ವರ್ಷ ಹೊಡೆದ ಗೋಲುಗಳ ಲೆಕ್ಕ ಒಪ್ಪಿಸುತ್ತಾನೆ. ಈ ವಾದ ಬಗೆಹರಿಯದಿರುವುದಕ್ಕೆ ಕಾರಣವೆಂದರೆ ಅದರಲ್ಲಿ ಎರಡು ಬೇರೆ ಪ್ರಶ್ನೆಗಳು ಸಿಕ್ಕು ಬಿದ್ದಿವೆ: ಈ ಆಟಗಾರ ಎಷ್ಟು ಬೆಲೆ ಬಾಳುತ್ತಾನೆ ಎಂಬುದು ಒಂದು, ತಂಡದ ಆಕ್ರಮಣ ಸದ್ಯ ಯಾವ ಸ್ಥಿತಿಯಲ್ಲಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಲು ಎರಡು ಸೀಸನ್‌ಗಳ ಆಟವಾದರೂ ಕಣ್ಣ ಮುಂದಿರಬೇಕು. ಎರಡನೆಯದಕ್ಕೆ ಕೊನೆಯ ಎಂಟು ಹತ್ತು ಪಂದ್ಯಗಳು ಸಾಕು. ಎರಡನೆಯದರಿಂದಲೇ ಆರಂಭಿಸುವುದು ಲೇಸು, ಏಕೆಂದರೆ ಚೆಂಡೇ ತಲುಪದ ಸ್ಟ್ರೈಕರ್‌ಗೆ ಬೆಲೆ ಕಟ್ಟಲು ಯಾರಿಂದಲೂ ಆಗದು.

ಆಕ್ರಮಣವನ್ನು ಅಳೆಯಲು ಗೋಲುಗಳಿಗಿಂತ ಮೊದಲು ಹೊಡೆತಗಳನ್ನು ಎಣಿಸಬೇಕು. ಒಂದು ಹಾಳೆಯ ಮೇಲೆ ಗೋಲಿನ ಮುಂದಿನ ಚೌಕದ, ಅಂದರೆ ಪೆನಾಲ್ಟಿ ಬಾಕ್ಸಿನ ಚಿತ್ರ ಬರೆದುಕೊಂಡು, ನಿಮ್ಮ ತಂಡ ಗೋಲಿನತ್ತ ಹೊಡೆದಾಗಲೆಲ್ಲ ಆ ಜಾಗದಲ್ಲಿ ಗುರುತು ಹಾಕಿ: ಕಾಲಿನ ಹೊಡೆತಕ್ಕೆ ಚುಕ್ಕೆ, ತಲೆಯಿಂದ ಹೊಡೆದ ಹೆಡರ್‌ಗೆ ಗೀಟು, ಸ್ಟ್ರೈಕರ್‌ನದಾದರೆ ಸುತ್ತ ಒಂದು ಸೊನ್ನೆ. ಪಂದ್ಯ ಮುಗಿಯುವ ಹೊತ್ತಿಗೆ ಗುರುತುಗಳೆಲ್ಲ ಬಾಕ್ಸಿನ ಅಂಚಾದ ಹದಿನೆಂಟು ಗಜದ ಗೆರೆಯ ಆಚೆಗೇ ಚೆಲ್ಲಿಕೊಂಡಿದ್ದರೆ, ತಂಡ ಎದುರಾಳಿಯ ಬಾಕ್ಸಿನೊಳಗೆ ನುಗ್ಗುತ್ತಲೇ ಇಲ್ಲ ಎಂದರ್ಥ. ಆಗ ಬಯ್ಯಬೇಕಾದದ್ದು ನಡುಸಾಲಿನವರನ್ನು, ಅಂದರೆ ಮಿಡ್‌ಫೀಲ್ಡನ್ನು ಅಥವಾ ಕೋಚ್‌ನ ಯೋಜನೆಯನ್ನು. ಪೆನಾಲ್ಟಿ ಚುಕ್ಕೆಗೂ ಗೋಲಿಗೂ ನಡುವೆ ಗುರುತುಗಳು ಬೇಕಾದಷ್ಟಿದ್ದು, ಅವುಗಳ ಸುತ್ತ ಸೊನ್ನೆಯೇ ಇಲ್ಲದಿದ್ದರೆ ಮಾತ್ರ ಸ್ಟ್ರೈಕರ್ ಎಲ್ಲಿದ್ದ ಎಂದು ಕೇಳುವುದು ನ್ಯಾಯ. ಹಾಳೆಯ ಅಂಚಿನಲ್ಲಿ ಇನ್ನೊಂದು ಲೆಕ್ಕವನ್ನೂ ಇಡಿ: ಅರ್ಧಕ್ಕೇ ಮುರಿದ ಪ್ರತಿ ದಾಳಿಯಲ್ಲಿ ಚೆಂಡು ಕಳೆದುಕೊಂಡವರು ಯಾರು, ಎಲ್ಲಿ. ಮೈದಾನದ ಅಂಚಿನಲ್ಲಿ ಆಡುವ ವಿಂಗರ್ ಒಬ್ಬನೇ ಮತ್ತೆ ಮತ್ತೆ ಮೂರು ಜನರ ನಡುವೆ ಸಿಕ್ಕಿಬೀಳುತ್ತಿದ್ದರೆ, ಅವನ ಹಿಂದೆ ಅದೇ ಅಂಚಿನಲ್ಲಿ ರಕ್ಷಣೆಗಿರುವ ಫುಲ್‌ಬ್ಯಾಕ್ ಮೇಲೇರಿ ಬರುತ್ತಿಲ್ಲ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಶ್ರಾವಣದ ಮಳೆಗೆ ಕರೆಂಟು ಹೋಗಿ ಅರ್ಧ ಪಂದ್ಯ ತಪ್ಪಿದರೆ ಚಿಂತೆಯಿಲ್ಲ; ನಲವತ್ತೈದು ನಿಮಿಷದ ಹಾಳೆಯೂ ಹೈಲೈಟ್ಸ್ ನೋಡಿ ಆಡುವ ಮಾತಿಗಿಂತ ಹೆಚ್ಚು ಗಟ್ಟಿ.

ಸ್ಟ್ರೈಕರ್ ಎಲ್ಲಿದ್ದ ಎಂಬುದನ್ನು ಟಿವಿಯಲ್ಲಿ ನೋಡುವುದು ಸುಲಭವಲ್ಲ, ಏಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ. ಆದ್ದರಿಂದ ವಿಂಗರ್ ಅಂಚಿನಲ್ಲಿ ಚೆಂಡು ಹಿಡಿದು ತಲೆಯೆತ್ತಿದ ಕ್ಷಣದಲ್ಲಿ ನೀವು ಚೆಂಡನ್ನು ಬಿಟ್ಟು ಬಾಕ್ಸಿನೊಳಗೆ ಕಣ್ಣು ಹಾಯಿಸಬೇಕು. ಒಳ್ಳೆಯ ಸ್ಟ್ರೈಕರ್ ಆಗ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಡಿಫೆಂಡರ್‌ನ ಬೆನ್ನ ಹಿಂದೆ ಮರೆಯಾಗಿ, ಕ್ರಾಸ್, ಅಂದರೆ ಅಂಚಿನಿಂದ ಬಾಕ್ಸಿನೊಳಕ್ಕೆ ಹೊಡೆದ ಚೆಂಡು, ಬರುವುದಕ್ಕೆ ಸ್ವಲ್ಪ ಮುಂಚೆ ಅವನ ಮುಂದೆ ನುಗ್ಗಿ ಹತ್ತಿರದ ಕಂಬದ ಬಳಿಗೆ ಬಂದಿರುತ್ತಾನೆ. ಕ್ರಾಸ್ ಅವನ ತಲೆಯ ಮೇಲೆ ಹಾದುಹೋದರೂ, ಅವನ ಜೊತೆ ಓಡಿದ ಡಿಫೆಂಡರ್‌ನಿಂದಾಗಿ ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಅಲ್ಲಿ ಇನ್ನೊಬ್ಬ ಗೋಲು ಹೊಡೆಯುತ್ತಾನೆ. ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿ ಕಂಠೀರವ ಕ್ರೀಡಾಂಗಣದಲ್ಲಿ ಒಂದು ಪಂದ್ಯ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಅಥ್ಲೆಟಿಕ್ಸ್ ಟ್ರ್ಯಾಕ್ ನಡುವೆ ಬರುವುದರಿಂದ ಆಟ ದೂರವಾಯಿತೆಂದು ಗೊಣಗುವವರಿದ್ದಾರೆ, ಆದರೆ ಮೇಲಿನ ಸಾಲಿನಲ್ಲಿ ಕುಳಿತರೆ ಇಡೀ ಮೈದಾನ ಒಂದೇ ನೋಟಕ್ಕೆ ಸಿಗುತ್ತದೆ.

ಇನ್ನು ಗೋಲುಗಳ ವಿಚಾರ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ "ಅಡಿಕೆ ಏನು ರೇಟು" ಎಂದಷ್ಟೇ ಕೇಳಿದರೆ ಉತ್ತರ ಸಿಗುವುದಿಲ್ಲ. ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಗೋಲುಗಳನ್ನೂ ಹಾಗೆಯೇ ವಿಂಗಡಿಸಿ. ಪೆನಾಲ್ಟಿಗಳನ್ನು ಮೊದಲು ಪಕ್ಕಕ್ಕೆ ಇಡಬೇಕು, ಏಕೆಂದರೆ ನಾಲ್ಕರಲ್ಲಿ ಮೂರು ಪೆನಾಲ್ಟಿಗಳನ್ನು ಯಾವ ನುರಿತ ಆಟಗಾರನೂ ಗೋಲಾಗಿಸುತ್ತಾನೆ. ಅರ್ಲಿಂಗ್ ಹಾಲಂಡ್ 2022-23ರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 36 ಗೋಲು ಹೊಡೆದು ದಾಖಲೆ ಬರೆದಾಗ ಅದರಲ್ಲಿ 7 ಪೆನಾಲ್ಟಿಗಳಿದ್ದವು. ಉಳಿದ 29 ಕೂಡ ಬೆರಗುಗೊಳಿಸುವ ಸಂಖ್ಯೆಯೇ ಆದ್ದರಿಂದ ಅವರ ಬೆಲೆ ಕುಂದುವುದಿಲ್ಲ. ಹನ್ನೆರಡು ಗೋಲಿನಲ್ಲಿ ಆರು ಪೆನಾಲ್ಟಿಯಿರುವ ಆಟಗಾರನ ಕತೆ ಬೇರೆ. ಆಮೇಲೆ, 4-0 ಮುಂದಿರುವಾಗ ಐದನೆಯದಾಗಿ ಬಿದ್ದ ಗೋಲು ಯಾವುದು, 0-0 ಇರುವಾಗ ಬಾಗಿಲು ತೆರೆದದ್ದು ಯಾವುದು ಎಂದು ನೋಡಿ. ಪಂದ್ಯಗಳ ಬದಲು ನಿಮಿಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: 2,700 ನಿಮಿಷದಲ್ಲಿ 12 ಗೋಲು ಎಂದರೆ ತೊಂಬತ್ತು ನಿಮಿಷಕ್ಕೆ 0.4, 1,200 ನಿಮಿಷದಲ್ಲಿ 8 ಎಂದರೆ 0.6. ಆದರೆ ಕೊನೆಯ ಇಪ್ಪತ್ತು ನಿಮಿಷಕ್ಕೆ, ದಣಿದ ಡಿಫೆಂಡರ್‌ಗಳ ಎದುರು ಇಳಿಯುವವನಿಗೆ ಈ ಎರಡನೆಯ ಸಂಖ್ಯೆ ಸುಲಭವಾಗಿಯೇ ದಕ್ಕುತ್ತದೆ ಎಂಬುದನ್ನು ಮರೆಯಬಾರದು.

ಈಗ ಎಲ್ಲರ ಬಾಯಲ್ಲಿರುವ ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲಿನ ಲೆಕ್ಕ, ಈ ವಿಂಗಡಣೆಗೆ ಚೆನ್ನಾಗಿಯೇ ಒದಗಿಬರುತ್ತದೆ. ಒಂದು ಹೊಡೆತಕ್ಕೆ 0.1 ಎಂದು ಬರೆದಿದ್ದರೆ, ಅಂಥ ಜಾಗದಿಂದ ಅಂಥ ಹೊಡೆತ ಹತ್ತರಲ್ಲಿ ಒಂದು ಬಾರಿ ಗೋಲಾಗುತ್ತದೆ ಎಂದಷ್ಟೇ ಅದರ ಅರ್ಥ. ಸ್ಟ್ರೈಕರ್‌ನ ಎಕ್ಸ್‌ಜಿ ಹೆಚ್ಚಿದ್ದು ಗೋಲು ಕಡಿಮೆಯಿದ್ದರೆ, ಅವನು ಸರಿಯಾದ ಜಾಗಕ್ಕೆ ಬರುತ್ತಿದ್ದಾನೆ, ಮುಗಿಸುತ್ತಿಲ್ಲ. 2024ರ ಜನವರಿ 31ರಂದು ಚೆಲ್ಸಿಯ ವಿರುದ್ಧ ಲಿವರ್‌ಪೂಲ್‌ನ ಡಾರ್ವಿನ್ ನೂನ್ಯೆಸ್ ಹೊಡೆದ ಚೆಂಡು ನಾಲ್ಕು ಬಾರಿ ಗೋಲಿನ ಚೌಕಟ್ಟಿಗೆ ಬಡಿಯಿತು. ಅದರಲ್ಲಿ ಒಂದು ಪೆನಾಲ್ಟಿ. ತಂಡ 4-1ರಿಂದ ಗೆದ್ದಿತು, ಅವರ ಹೆಸರಿನಲ್ಲಿ ಗೋಲು ಮಾತ್ರ ಇಲ್ಲ. ಅಂಥ ಒಂದು ರಾತ್ರಿ ದುರದೃಷ್ಟ. ಎರಡು ಸೀಸನ್ ಹಾಗೆಯೇ ನಡೆದರೆ ಅದು ಆಟಗಾರನ ಗುಣ. ಐದೇ ಪಂದ್ಯಗಳ ಎಕ್ಸ್‌ಜಿ ಹಿಡಿದುಕೊಂಡು ವಾದಕ್ಕೆ ಬರುವವರ ಜೊತೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ಗೋಲು ಹೊಡೆಯದೆಯೂ ಬೆಲೆ ಬಾಳುವ ಸ್ಟ್ರೈಕರ್ ಇರುತ್ತಾನೆ ಎಂದರೆ ನಮ್ಮಲ್ಲಿ ಅನೇಕರು ನಗುತ್ತಾರೆ. ಅವರಿಗೆ 2019-20ರ ಲಿವರ್‌ಪೂಲ್ ತಂಡವನ್ನು ತೋರಿಸಬೇಕು. ಲೀಗ್ ಗೆದ್ದ ಆ ತಂಡದ ನಡುವೆ ಆಡಿದ ರೊಬೆರ್ಟೊ ಫಿರ್ಮಿನೊ ಲೀಗ್‌ನಲ್ಲಿ ಹೊಡೆದದ್ದು 9 ಗೋಲು, ಅದರಲ್ಲಿ ಸ್ವಂತ ಮೈದಾನ ಆನ್‌ಫೀಲ್ಡ್‌ನಲ್ಲಿ ಒಂದೇ ಒಂದು, ಅದೂ ಅಲ್ಲಿನ ಕೊನೆಯ ಪಂದ್ಯದಲ್ಲಿ. ಎಡಬಲದಲ್ಲಿದ್ದ ಮಾನೆ 18, ಸಲಾ 19 ಹೊಡೆದರು. ಫಿರ್ಮಿನೊ ಹಿಂದಕ್ಕೆ ಬಂದು ಚೆಂಡು ಪಡೆಯುತ್ತಿದ್ದರಿಂದ ಎದುರಾಳಿಯ ರಕ್ಷಣೆಯ ನಡುವೆ ನಿಲ್ಲುವ ಸೆಂಟರ್‌ಬ್ಯಾಕ್‌ಗೆ ಅವರ ಹಿಂದೆ ಬರಬೇಕೋ ನಿಲ್ಲಬೇಕೋ ತಿಳಿಯುತ್ತಿರಲಿಲ್ಲ. ಬಂದರೆ ಬೆನ್ನ ಹಿಂದಿನ ಜಾಗಕ್ಕೆ ಅಂಚಿನವರಿಬ್ಬರು ನುಗ್ಗುತ್ತಿದ್ದರು. ಆದರೆ ಈ ಉದಾಹರಣೆಯನ್ನು ಎಲ್ಲ ಸೋಮಾರಿ ಸ್ಟ್ರೈಕರ್‌ಗಳ ರಕ್ಷಣೆಗೆ ಬಳಸುವುದು ತಪ್ಪು. ಪಕ್ಕದವರ ಗೋಲುಗಳು ನಿಜವಾಗಿ ಏರಿವೆಯೇ, ಅವನು ಆಡದ ಪಂದ್ಯಗಳಲ್ಲಿ ಇಳಿಯುತ್ತವೆಯೇ ಎಂದು ನೋಡಿದ ಮೇಲೆಯೇ ಆ ಮಾತನ್ನು ಒಪ್ಪಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ತಂಡ ಸೋತಾಗ ಸ್ಟ್ರೈಕರ್‌ನ ಗೋಲುಗಳನ್ನು "ಪ್ರಯೋಜನಕ್ಕೆ ಬಾರದವು" ಎಂದು ತಳ್ಳಿಹಾಕುವುದು. 2023-24ರ ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಹ್ಯಾರಿ ಕೇನ್ 36 ಗೋಲು ಹೊಡೆದರೂ ಬಯರ್ನ್ ಮ್ಯೂನಿಕ್ ಮೂರನೆಯ ಸ್ಥಾನಕ್ಕೆ ಇಳಿಯಿತು, ದೂಷಣೆಯ ಒಂದು ಪಾಲು ಅವರ ತಲೆಗೂ ಬಂತು. ಆದರೆ ಬಯರ್ನ್ ಆ ವರ್ಷ 94 ಗೋಲು ಹೊಡೆದಿತ್ತು. ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆದ ಲೆವರ್ಕುಸೆನ್ ಹೊಡೆದದ್ದು 89. ಬಿಟ್ಟುಕೊಟ್ಟ ಗೋಲುಗಳಲ್ಲಿ ಬಯರ್ನ್‌ನವು 45, ಲೆವರ್ಕುಸೆನ್‌ನವು 24. ಲೀಗ್ ಪಟ್ಟಿಯ ಈ ಎರಡು ಸಾಲುಗಳನ್ನು ಓದಿದ್ದರೆ ಅರ್ಧ ರಾತ್ರಿಯ ಜಗಳ ತಪ್ಪುತ್ತಿತ್ತು.

ಆಟಗಾರನನ್ನು ಕೊಳ್ಳಲು ಕ್ಲಬ್ ಕೊಡುವ ಟ್ರಾನ್ಸ್‌ಫರ್ ಮೊತ್ತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಆಟಗಾರನ ವಯಸ್ಸು, ಒಪ್ಪಂದದಲ್ಲಿ ಉಳಿದ ವರ್ಷಗಳು, ಕೊಳ್ಳುವ ಕ್ಲಬ್ಬಿನ ಅವಸರ. ಆಟದ ಗುಣ ಅದರಲ್ಲಿ ಒಂದು ಭಾಗ ಮಾತ್ರ. 2011ರ ಜನವರಿಯಲ್ಲಿ ಚೆಲ್ಸಿ 5 ಕೋಟಿ ಪೌಂಡ್ ಕೊಟ್ಟು ತಂದ ಫರ್ನಾಂಡೊ ಟೊರೆಸ್ ಆ ಸೀಸನ್ನಿನ ಉಳಿದ ಭಾಗದಲ್ಲಿ ಒಂದೇ ಗೋಲು ಹೊಡೆದರು. ಕೊಟ್ಟ ಹಣ ಅವರ ಹಿಂದಿನ ಆಟಕ್ಕೆ ಸಂದ ಬೆಲೆಯಾಗಿತ್ತು.

ವಾದಕ್ಕೆ ಕೂರುವಾಗ ಇನ್ನೊಂದು ಕರಾರು ಬೇಕು. ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಪಂದ್ಯಗಳು ನಮ್ಮಲ್ಲಿ ಹೆಚ್ಚಾಗಿ ರಾತ್ರಿ ಹನ್ನೆರಡೂವರೆಗೆ, ಅಕ್ಟೋಬರ್ ಕೊನೆಯಲ್ಲಿ ಯುರೋಪಿನ ಗಡಿಯಾರ ಹಿಂದಕ್ಕೆ ಸರಿದ ಮೇಲೆ ಒಂದೂವರೆಗೆ ಶುರುವಾಗುವುದರಿಂದ, ಪೂರ್ತಿ ನೋಡಿದವರು ಕಡಿಮೆ, ಬೆಳಿಗ್ಗೆ ಗೋಲುಗಳನ್ನಷ್ಟೇ ನೋಡಿದವರು ಹೆಚ್ಚು. ಯಾರು ಎಷ್ಟು ನೋಡಿದ್ದಾರೆ ಎಂಬುದನ್ನು ಆರಂಭದಲ್ಲೇ ಹೇಳಿಕೊಳ್ಳುವುದು ಮರ್ಯಾದೆ. ಗೋಲುಗಳನ್ನಷ್ಟೇ ನೋಡಿದವರು ಗೋಲು ಹೊಡೆದ ಬಗೆಯ ಕುರಿತು ಮಾತಾಡಲಿ, ಓಟದ ಕುರಿತಾದ ಮಾತು ನಿದ್ದೆಗೆಟ್ಟವರಿಗಿರಲಿ.

ಇದೇ ಕ್ರಮವನ್ನು ನಮ್ಮವರಿಗೂ ಅನ್ವಯಿಸಬಹುದು. ಸುನಿಲ್ ಛೆಟ್ರಿ ನಲವತ್ತನೆಯ ವಯಸ್ಸಿನಲ್ಲಿ, 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲು ಹೊಡೆದರು. ಆದರೂ ಮೋಹನ್ ಬಗಾನ್ ವಿರುದ್ಧದ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ದಕ್ಕಿದ ಏಕೈಕ ಗೋಲು ಎದುರಾಳಿ ಡಿಫೆಂಡರ್ ತಮ್ಮದೇ ಬಲೆಗೆ ಹೊಡೆದದ್ದಾಗಿತ್ತು, ಪಂದ್ಯ ಹೆಚ್ಚುವರಿ ಸಮಯದಲ್ಲಿ 2-1ರಿಂದ ಕೈಬಿಟ್ಟಿತು. ಅವರ ನಂತರ ಯಾರು ಎಂಬ ಚರ್ಚೆಯಲ್ಲಿ ಯಾವ ಹೆಸರು ಬಂದರೂ, ಆ ಹುಡುಗ ನಡುವೆ ಆಡಿದ ನಿಮಿಷಗಳೆಷ್ಟು, ಅಂಚಿನಲ್ಲಿ ಆಡಿದ್ದೆಷ್ಟು ಎಂದು ಮೊದಲು ಹುಡುಕಿ. ಹೆಚ್ಚಿನ ಐಎಸ್‌ಎಲ್ ತಂಡಗಳು ಸ್ಟ್ರೈಕರ್‌ನ ಜಾಗವನ್ನು ವಿದೇಶಿ ಆಟಗಾರನಿಗೆ ಕೊಡುವುದರಿಂದ ನಮ್ಮ ಫಾರ್ವರ್ಡ್‌ಗಳಲ್ಲಿ ಬಹುಪಾಲು ಜನ ಅಂಚಿನಲ್ಲೇ ಬೆಳೆದವರು. ಛೆಟ್ರಿಯವರೂ ಬೆಂಗಳೂರಿನ ವಿದೇಶಿ ಸ್ಟ್ರೈಕರ್ ಮಿಕು ನಡುವೆ ಆಡುತ್ತಿದ್ದ ವರ್ಷಗಳಲ್ಲಿ ಹೆಚ್ಚಾಗಿ ಎಡಬದಿಯಿಂದಲೇ ಒಳಕ್ಕೆ ಬರುತ್ತಿದ್ದರು. ಆ ಹುಡುಗನ ಗೋಲುಗಳನ್ನು ನಡುವಿನಲ್ಲೇ ನಿಂತು ಆಡುವ ವಿದೇಶಿ ಸ್ಟ್ರೈಕರ್‌ನ ಗೋಲುಗಳ ಪಕ್ಕ ಇಡುವ ಬದಲು, ಅಂಚಿನಲ್ಲಿ ಆಡುವ ಇತರರ ಗೋಲುಗಳ ಪಕ್ಕ ಇಟ್ಟು ನೋಡಿ.